ಹಳಿಯಡಿಗೆ ಇಟ್ಟ ಕಾಯಿ

ಜಲಾಂತರ್ಗಾಮಿ ರೈಲನ್ನು ಉರುಳಿಸಿತು ಎಂದರೆ ಮಕ್ಕಳೂ ನಕ್ಕಾರು. ಆದರೂ ಅಮೆರಿಕದ ‘ಬಾರ್ಬ್’ ನೌಕೆಯ ಯುದ್ಧಬಾವುಟದಲ್ಲಿ, ಮುಳುಗಿಸಿದ ಹಡಗುಗಳ ಗುರುತುಗಳ ಜೊತೆ ಒಂದು ರೈಲೂ ಇದೆ.

1945ರ ಜುಲೈ 23, ನಡುರಾತ್ರಿ ಕಳೆದ ಹೊತ್ತು. ಆಗ ಜಪಾನಿನದಾಗಿದ್ದ ಕರಾಫುಟೊ ತೀರ. ಕಮಾಂಡರ್ ಯೂಜೀನ್ ಫ್ಲಕಿ ಕಳಿಸಿದ ಎಂಟು ಮಂದಿ ರಬ್ಬರ್ ದೋಣಿಗಳಲ್ಲಿ ದಡ ಸೇರಿ ಹಳಿಯ ಕೆಳಗೆ ಗುಂಡಿ ತೋಡಿದರು. ಹೂತದ್ದು 55 ಪೌಂಡಿನ ಸಿಡಿಮದ್ದು. ಸ್ವಂತ ನೌಕೆ ಶತ್ರುವಿನ ಕೈಸೇರುವಂತಾದರೆ ಒಡೆದುಹಾಕಲೆಂದು ಇಟ್ಟುಕೊಂಡಿದ್ದದ್ದು. ಅದನ್ನು ಸಿಡಿಸುವವರಾರು? ಉಪಾಯ ಹೊಳೆದದ್ದು ನೌಕೆಯ ಎಲೆಕ್ಟ್ರಿಷಿಯನ್ ಬಿಲ್ಲಿ ಹ್ಯಾಟ್‌ಫೀಲ್ಡ್‌ಗೆ. ಹುಡುಗನಾಗಿದ್ದಾಗ ಅವನು ಎರಡು ಸ್ಲೀಪರ್‌ಗಳ ನಡುವೆ, ಹಳಿಯಡಿಗೆ ಗಟ್ಟಿ ಸಿಪ್ಪೆಯ ಕಾಯಿ ಇಟ್ಟು ರೈಲಿಗೆ ಕಾಯುತ್ತಿದ್ದ. ಗಾಡಿಯ ಭಾರಕ್ಕೆ ಹಳಿ ತುಸು ಬಾಗುತ್ತದೆ, ಕಾಯಿ ಪಟ್ಟೆಂದು ಒಡೆಯುತ್ತದೆ. ಈಗ ಕಾಯಿಯ ಜಾಗದಲ್ಲಿ ಸ್ವಿಚ್ಚು, ಅಷ್ಟೆ. ದೋಣಿಗಳು ನೌಕೆಗೆ ಮರಳುವ ಮೊದಲೇ ರೈಲು ಬಂತು.

ಆ ಹುಡುಗಾಟ ಇಲ್ಲಿಗೆ ಬಂದು ಮುಟ್ಟಿತಲ್ಲ! ತಲೆದೂಗುವಷ್ಟರಲ್ಲಿ ಗಾಡಿಯೊಳಗಿದ್ದವರ ನೆನಪಾಗಿ ಕತ್ತು ನಿಲ್ಲುತ್ತದೆ.

ಇದೇ ನೌಕೆ 1944ರ ಸೆಪ್ಟೆಂಬರಿನಲ್ಲಿ ‘ಉನ್ಯೊ’ ಎಂಬ ವಿಮಾನವಾಹಕ ಹಡಗನ್ನು ಮುಳುಗಿಸಿ, ಅದೇ ದಿನ ದಕ್ಷಿಣ ಚೀನಾ ಸಮುದ್ರದಿಂದ 14 ಮಂದಿಯನ್ನು ಮೇಲೆತ್ತಿಕೊಂಡಿತು. ಎಲ್ಲರೂ ಬ್ರಿಟಿಷ್, ಆಸ್ಟ್ರೇಲಿಯನ್ ಯುದ್ಧಕೈದಿಗಳು. ಮೈಯೆಲ್ಲ ಎಣ್ಣೆ, ನೀರಲ್ಲೇ ಐದು ದಿನ. ಅವರಿದ್ದ ಜಪಾನಿ ಹಡಗನ್ನು, ಒಳಗೆ ಯಾರಿದ್ದಾರೆಂದು ಅರಿಯದೆ ಒಡೆದದ್ದೂ ಅಮೆರಿಕದ ಇನ್ನೊಂದು ಜಲಾಂತರ್ಗಾಮಿಯೇ. ಅದಕ್ಕೂ ಮುಂಚೆ ಅವರು ಸಯಾಂ–ಬರ್ಮಾ ರೈಲುಹಾದಿಗೆ ಬೆವರು, ರಕ್ತ ಬಸಿದಿದ್ದವರು. ಹಳಿ ಹಾಕಿ ಸೊರಗಿದವರನ್ನು ಉಳಿಸಿದ ನೌಕೆಯೇ ಮುಂದಿನ ವರ್ಷ ಹಳಿ ಹಾರಿಸಲು ಹೊರಟಿತು.

ಫ್ಲಕಿಗೆ ನಾಲ್ಕು ನೇವಿ ಕ್ರಾಸ್‌ಗಳು, ಮೇಲೆ ಮೆಡಲ್ ಆಫ್ ಆನರ್. ಆದರೆ 2007ರಲ್ಲಿ, 93ರ ವಯಸ್ಸಿನಲ್ಲಿ ತೀರಿಕೊಂಡ ಆತ ಹೆಚ್ಚು ಹೆಮ್ಮೆಪಟ್ಟದ್ದು ತನ್ನ ಕೈಕೆಳಗಿನ ಯಾರಿಗೂ ಸಿಗದ ಪದಕದ ಬಗ್ಗೆ. ಅದು ಪರ್ಪಲ್ ಹಾರ್ಟ್. ಗಾಯಗೊಂಡವರಿಗೆ, ಮಡಿದವರಿಗೆ ಕೊಡುವಂಥದು. ಆ ಯುದ್ಧದಲ್ಲಿ ಅಮೆರಿಕ 52 ಜಲಾಂತರ್ಗಾಮಿಗಳನ್ನು ಕಳೆದುಕೊಂಡಿತ್ತು. ಅದೃಷ್ಟ ಎಂದು ಪಕ್ಕಕ್ಕಿಡಲು ನನಗೆ ಮನಸ್ಸಾಗದು. ಆ ರಾತ್ರಿ ದಡಕ್ಕೆ ಹೋಗುವವರನ್ನು ಆರಿಸುವಾಗಲೂ ಮದುವೆಯಾದವರು ಬೇಡ ಎಂದಿದ್ದ ಮನುಷ್ಯ ಆತ. ವಿನಾಯಿತಿ ಹ್ಯಾಟ್‌ಫೀಲ್ಡ್‌ಗೆ ಮಾತ್ರ. ಸ್ವಿಚ್ಚು ಅವನದೇ ತಾನೆ.