ಮರಕ್ಕೆ ಮರವೇ ಮೊಳೆ

ಆಸ್ಟ್ರಿಯಾದಲ್ಲಿ ಮರದ ಮೊಳೆ ತಯಾರಾಗುತ್ತದೆ. ಹೆಸರು ಲಿಗ್ನೋಲಾಕ್. ಬೀಚ್ ಮರಕ್ಕೆ ರಾಳ ಕುಡಿಸಿ, ಒತ್ತಿ ಗಟ್ಟಿಮಾಡಿ, ಸಾಲಾಗಿ ಜೋಡಿಸಿ, ಗಾಳಿಯ ಒತ್ತಡದ ಗನ್ನಿನಿಂದ ಹಲಗೆಗೆ ಹೊಡೆಯುತ್ತಾರೆ. ಮೊದಲೇ ತೂತು ಕೊರೆಯುವ ಗೊಡವೆಯಿಲ್ಲ. ಮರದ ಕಡ್ಡಿಯೊಂದು ಚೂರಾಗದೆ ಮರದೊಳಕ್ಕೆ ಇಳಿಯುತ್ತದೆ ಎನ್ನುವುದೇ ಸೋಜಿಗ. ಇಳಿದ ಮೇಲೆ ನಡೆಯುವುದು ಇನ್ನೂ ದೊಡ್ಡ ಸೋಜಿಗ. ಆ ವೇಗದ ತಿಕ್ಕಾಟಕ್ಕೆ ಹುಟ್ಟಿದ ಬಿಸಿಯಲ್ಲಿ ಮರದ ಲಿಗ್ನಿನ್ ಕರಗಿ, ಮೊಳೆಯೂ ಹಲಗೆಯೂ ಬೆಸೆದುಕೊಳ್ಳುತ್ತವೆ. ಕಬ್ಬಿಣದ ಮೊಳೆಯನ್ನಾದರೆ ಇಕ್ಕಳ ಹಾಕಿ ಕೀಳಬಹುದು. ಇದನ್ನು ಕೀಳಹೊರಟವನು ಮರದಿಂದ ಮರವನ್ನೇ ಹರಿಯಬೇಕು.

ಲಿಗ್ನಿನ್ ಯಾರೋ ಕಂಡುಹಿಡಿದು ಮರಕ್ಕೆ ಸೇರಿಸಿದ ಅಂಟಲ್ಲ. ನಾರಿಗೆ ನಾರನ್ನು ಹಿಡಿಸಿ, ಮರವನ್ನು ಗಾಳಿಗೆ ಬಾಗದಂತೆ ನಿಲ್ಲಿಸುವುದೇ ಅದು. ದಾಂಡೇಲಿಯಂಥ ಊರಿನ ಕಾಗದದ ಕಾರ್ಖಾನೆಗೆ ಅದು ಬರೀ ತೊಡಕು. ಮರವನ್ನು ರಾಸಾಯನಿಕದಲ್ಲಿ ಬೇಯಿಸುವುದೇ ಅದನ್ನು ಬಿಡಿಸಲಿಕ್ಕೆ. ಬಿಡಿಸಿದ್ದು ಕಪ್ಪು ದ್ರವವಾಗಿ ಬಾಯ್ಲರಿಗೆ ಉರುವಲಾಗುತ್ತದೆ. ಒಬ್ಬರು ಸುಟ್ಟುಹಾಕುವ ವಸ್ತುವೇ ಇನ್ನೊಬ್ಬರಿಗೆ ಮೊಳೆಯ ಜೀವ.

ಸ್ವಿಟ್ಜರ್ಲೆಂಡಿನ ಬೀಲ್ ಪಟ್ಟಣದ ಸಂಶೋಧಕರು ಮೊಳೆಯನ್ನೂ ಕೈಬಿಟ್ಟು ನೋಡಿದ್ದಾರೆ. ಎರಡು ಹಲಗೆಗಳನ್ನು ಒಂದಕ್ಕೊಂದು ಒತ್ತಿ ಯಂತ್ರದಲ್ಲಿ ಬಿರುಸಾಗಿ ಉಜ್ಜಿ, ಥಟ್ಟನೆ ನಿಲ್ಲಿಸುತ್ತಾರೆ. ಕೆಲವೇ ಸೆಕೆಂಡು, ತಣಿಯುವಷ್ಟರಲ್ಲಿ ಹಲಗೆಗಳು ಕೂಡಿಕೊಂಡಿರುತ್ತವೆ. ಅರಣಿ ಕಡೆದು ಬೆಂಕಿ ತೆಗೆಯುವುದು ನಮ್ಮ ಯಜ್ಞಶಾಲೆಗಳಿಗೆ ಎಂದಿನಿಂದಲೋ ಗೊತ್ತಿದ್ದ ವಿದ್ಯೆ. ಆದರೆ ಬೆಂಕಿ ಹುಟ್ಟುವ ಮೊದಲೇ ಕೈ ತಡೆದರೆ ಅಲ್ಲಿ ಬೆಸುಗೆ ಹುಟ್ಟಬಹುದು ಎಂದು ಹೊಳೆಯಲು ಮನುಷ್ಯನಿಗೆ ಇಪ್ಪತ್ತನೆಯ ಶತಮಾನದ ಕೊನೆಯೇ ಬರಬೇಕಾಯಿತು. ಇಷ್ಟು ಹತ್ತಿರದಲ್ಲಿದ್ದೂ ಕಾಣದೆ ಹೋದದ್ದು ಇನ್ನೆಷ್ಟಿದೆಯೋ.

ಮರವನ್ನು ಮರದಿಂದಲೇ ಕೂಡಿಸುವ ಇನ್ನೊಂದು ದಾರಿ ಗಣಕ ಮತ್ತು ರೋಬಾಟುಗಳ ಕತೆ. ಕಬ್ಬಿಣದ ಮೊಳೆ ಅಗ್ಗವಾಗಿ ಕೂಲಿ ಏರಿದ ಮೇಲೆ, ಮರದಲ್ಲೇ ಹಲ್ಲು ಕೊರೆದು ಕೂಡಿಸುವ ಕುಸುರಿ ಹಿಂದೆ ಸರಿಯಿತು. ಅದನ್ನು ಮತ್ತೆ ಕರೆತಂದದ್ದು ಯಂತ್ರವೇ. ಜ್ಯೂರಿಕ್‌ನಲ್ಲಿ ವಾಸ್ತುಶಿಲ್ಪಿ ಶಿಗೆರು ಬಾನ್ ವಿನ್ಯಾಸ ಮಾಡಿದ, 2013ರಲ್ಲಿ ಮುಗಿದ ಟಾಮೀಡಿಯಾ ಕಟ್ಟಡದ ಏಳು ಅಂತಸ್ತಿನ ಮರದ ಚೌಕಟ್ಟನ್ನು ಲೋಹದ ಜೋಡಣೆಯಿಲ್ಲದೆ ನಿಲ್ಲಿಸಿದ್ದಾರೆ. ಮರುವರ್ಷ ಜರ್ಮನಿಯ ಶ್ವೇಬಿಷ್ ಗ್ಮುಂಡ್‌ನಲ್ಲಿ, ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದವರು ಕಡಲಜೀವಿಯೊಂದರ ಚಿಪ್ಪಿನ ರಚನೆ ನೋಡಿ, ಐದು ಸೆಂಟಿಮೀಟರ್ ದಪ್ಪದ ಬೀಚ್ ಪ್ಲೈವುಡ್‌ನಿಂದ ಗುಮ್ಮಟದಂಥ ಪ್ರದರ್ಶನಾಂಗಣ ಕಟ್ಟಿದರು. 243 ಫಲಕಗಳು, ಒಂದರಂತೆ ಇನ್ನೊಂದಿಲ್ಲ. ಅಂಚಿನಲ್ಲಿ ಬೆರಳು ಹೆಣೆದ ಹಾಗೆ ಸೇರುವ 7,600 ಜೋಡಣೆಗಳು, ಕೊರೆದದ್ದು ರೋಬಾಟು. ನಮ್ಮ ಆಚಾರಿಯೊಬ್ಬರಿಗೆ ಈ ಲೆಕ್ಕ ಒಪ್ಪಿಸಿದರೆ ಉಳಿ ಕೆಳಗಿಟ್ಟು ಎದ್ದುಹೋದಾರು, ಹೋಗುವುದೇ ಸರಿ. ರೋಬಾಟಿಗೆ ಮೊದಲನೆಯ ಹಲ್ಲೂ ಏಳು ಸಾವಿರದ್ದೂ ಒಂದೇ.

ಅದನ್ನು ಮೆಚ್ಚುತ್ತೇನೆ. ಬೆರಗಾಗುವುದು ಮಾತ್ರ ಲಿಗ್ನಿನ್‌ಗೇ. ರೋಬಾಟಿನ ಪ್ರತಿ ಚಲನೆಯನ್ನೂ ಯಾರೋ ಕೂತು ಬರೆದಿದ್ದಾರೆ. ಬಿಸಿಗೆ ಮೆತ್ತಗಾಗು, ತಣಿದಾಗ ಹಿಡಿದುಕೋ ಎಂದು ಮರಕ್ಕೆ ಹೇಳಿಕೊಟ್ಟವರಿಲ್ಲ. ಹಾಗೆಂದು ಮನೆಯ ಸೂರಿಗೆ ಉಜ್ಜಿ ಬೆಸೆದ ಹಲಗೆ ಹಾಕಿಸುವ ಆಸೆ ಯಾರಿಗೂ ಬೇಡ. ಆ ಬೆಸುಗೆಗೆ ನೀರು ಆಗದು, ನೆನೆದರೆ ಸಡಿಲವಾಗುತ್ತದೆ. ಸದ್ಯಕ್ಕೆ ಅದರ ಜಾಗ ಮಳೆ ತಾಗದ ಒಳಮನೆ.