ಹೊಲದ ಮೂಲೆ ಯಾರದ್ದು?

ನಮ್ಮ ಬಾಗೂರಿನ ಕಡೆ ರಾಗಿ ಒಕ್ಕಿ ಕಣದಲ್ಲಿ ರಾಶಿ ಬಿದ್ದರೆ, ಅಳೆಯುವ ಮುಂಚೆ ಪೂಜೆ. ಕ್ರೈಸ್ತನಾದ ನಾನು ಪೂಜೆ ಮಾಡದಿದ್ದರೂ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತೇನೆ. ಮೋಶೆಯ ಧರ್ಮಶಾಸ್ತ್ರದಲ್ಲೂ ಹಾಗೇ: ಜವೆಗೋಧಿಯ ಮೊದಲ ಸಿವುಡು ದೇವರಿಗೆ ಸಲ್ಲುವವರೆಗೆ ಹೊಸ ಬೆಳೆಯ ರೊಟ್ಟಿ, ಸುಟ್ಟ ತೆನೆ ಯಾವುದನ್ನೂ ಬಾಯಿಗಿಡುವಂತಿಲ್ಲ. ಅಲ್ಲಿಂದ 50ನೇ ದಿನ ಗೋಧಿಯ ಹಬ್ಬ. ನಾವು ಪಂಚಾಶತ್ತಮ ಅನ್ನುವುದು ಅದನ್ನೇ. ಸುಗ್ಗಿಯೆಲ್ಲ ಮುಗಿದ ಮೇಲೆ ಏಳು ದಿನ ಗುಡಿಸಲ ವಾಸ.

ಬೋಧಕರು ಇವೆಲ್ಲ ಕ್ರಿಸ್ತನ ನೆರಳು ಎನ್ನುತ್ತಾರೆ. ಸತ್ತವರೊಳಗಿಂದ ಎದ್ದ ಕ್ರಿಸ್ತನನ್ನು ಪೌಲ ಪ್ರಥಮಫಲ ಎಂದೇ ಕರೆದ. ಒಪ್ಪಿದೆ, ನಾವು ಗುಡಿಸಲು ಕಟ್ಟಿ ಕೂರಬೇಕಿಲ್ಲ. ಆದರೆ ಯಾಜಕಕಾಂಡದ 23ನೇ ಅಧ್ಯಾಯದಲ್ಲಿ, ಹಬ್ಬಗಳ ಪಟ್ಟಿಯ ನಡುವೆಯೇ ಒಂದು ಮಾತು ಕೂತಿದೆ: ಅಂಚಿನವರೆಗೂ ಕೊಯ್ಯಬೇಡ, ಹಕ್ಕಲಾಯಬೇಡ, ಅದು ಬಡವರದ್ದು, ಪರದೇಶಿಯದ್ದು. ಇದು ಯಾವುದರ ನೆರಳು? ಮೋವಾಬಿನ ರೂತಳು ಬೋವಜನ ಹೊಲಕ್ಕೆ ಬಂದದ್ದು ಈ ಹಕ್ಕಿನಿಂದ. ಅವಳ ಮರಿಮಗನೇ ದಾವೀದ. ಯೆಹೂದ್ಯರು ಇಂದಿಗೂ ಆ ಗೋಧಿಯ ಹಬ್ಬಕ್ಕೆ ಅವಳ ಕಥೆ ಓದುತ್ತಾರೆ.

ನಮ್ಮ ಸಭೆಗಳ ಕೊಯ್ಲಿನ ಹಬ್ಬದಲ್ಲಿ ತೆಂಗಿನಕಾಯಿ, ಕುಂಬಳ, ಹುಂಜ ಹರಾಜಾಗುತ್ತವೆ. ಹುಂಜಕ್ಕಂತೂ ಹಟಕ್ಕೆ ಬಿದ್ದು ಕೂಗುತ್ತಾರೆ. ದುಡ್ಡು ಸಭೆಗೆ ಹೋಗುತ್ತದೆ, ತಪ್ಪೇನಿಲ್ಲ. ಹಕ್ಕಲಾಯುವವಳ ಪಾಲು ಮಾತ್ರ ಯಾವ ಲೆಕ್ಕದಲ್ಲೂ ಇಲ್ಲ. ಈಗ ಕೊಯ್ಯುವ ಮಿಷನ್ನು ಬದುವಿನವರೆಗೂ ಬೋಳಿಸುತ್ತದೆ. ಪಡುವಣ ಮೂಲೆ ಬಿಟ್ಟುಬಿಡಪ್ಪ ಅಂದರೆ ಡ್ರೈವರ್ ನಗುತ್ತಾನೆ: "ಯಾಕಣ್ಣ, ಅಲ್ಲೇನಾದ್ರೂ ಹೂತಿಟ್ಟಿದ್ದೀರಾ?"