ದೇಹಕ್ಕೂ ಹಕ್ಕಿದೆ

ಮಂಗಳೂರಿನ ಹಳೆ ಬಂದರಿನಲ್ಲಿ ಲಕ್ಷದ್ವೀಪದ ಹಡಗುಗಳಿಗೆ ಮೂಟೆ ಹೊರುವವರನ್ನು ನೋಡಿರಿ. ಕರಾವಳಿಯ ಸೆಕೆಯಲ್ಲಿ ಬೆವರು ಬೇಗ ಆರದು. ಬೆವರು ಆರದಿದ್ದರೆ ಮೈ ತಣಿಯದು. ದಣಿದವನ ಗಮನ ತಪ್ಪುತ್ತದೆ, ಕಾಲು ಜಾರುತ್ತದೆ. ಅದನ್ನು ಸೋಮಾರಿತನವೆನ್ನುವುದು ಅನ್ಯಾಯ.

ಹಗಲೆಲ್ಲ ಉಪವಾಸದಲ್ಲೂ ರಾತ್ರಿಯೆಲ್ಲ ನಮಾಝ್‌ನಲ್ಲೂ ಕಳೆಯುತ್ತಿದ್ದ ಅಬ್ದುಲ್ಲಾ ಬಿನ್ ಅಮ್ರ್(ರ)ರನ್ನು ಪ್ರವಾದಿ(ಸ) ತಡೆದರು. ದೇಹಕ್ಕೂ ಕಣ್ಣಿಗೂ ಅವರ ಮೇಲೆ ಹಕ್ಕಿದೆಯೆಂದು ತಿಳಿಸಿದರು. ಆರಾಧನೆಗೇ ಮಿತಿಯಿರುವಾಗ ಹೊರೆಗೆ ಮಿತಿ ಬೇಡವೇ?

ಆದರೆ ಮೂಟೆಗಿಷ್ಟೆಂದು ಕೂಲಿಯಿದ್ದಲ್ಲಿ ಕುಳಿತವನಿಗೆ ನಷ್ಟ. ಆದ್ದರಿಂದ ಬಾಯಾರುವ ಮುನ್ನ ನೀರು ಕುಡಿಯುವುದು, ರಾತ್ರಿ ಸಾಕಷ್ಟು ನಿದ್ರಿಸುವುದು ಕೆಲಸಗಾರನ ಹೊಣೆಯಾದರೆ, ನೆರಳಿನಲ್ಲಿ ಕಳೆದ ಹೊತ್ತಿಗೂ ಕೂಲಿ ಕೊಡುವುದು ಧಣಿಯ ಹೊಣೆ. ಅದು ದಾನವಲ್ಲ, ಇನ್ನೊಂದು ದೇಹದ ಹಕ್ಕು. ಸಹೋದರರೇ, ಹಕ್ಕನ್ನು ಹಿಡಿದಿಟ್ಟವನು ಅಲ್ಲಾಹನ ಮುಂದೆ ಲೆಕ್ಕ ಕೊಡಬೇಕಲ್ಲವೇ?